ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರು, ಆದರೂ 131ನೇ ಸ್ಥಾನ ಯಾಕೆ?

ಪ್ರಶ್ನೆ: ನನ್ನ ಮಗಳು ಈ ವರ್ಷ ಎಂಜಿನಿಯರಿಂಗ್ ಮುಗಿಸಿದಳು. ಅವಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರೇ. ನಮ್ಮೂರ ಗ್ರಾಮ ಪಂಚಾಯಿತಿ ಅಧ್ಯಕ್ಷರೂ ಹೆಂಗಸೇ. ಹೀಗಿದ್ದೂ 2025ರ ಲಿಂಗ ಸಮಾನತೆ ಪಟ್ಟಿಯಲ್ಲಿ ಭಾರತ 131ನೇ ಸ್ಥಾನದಲ್ಲಿದೆ ಅಂತ ಓದಿದೆ. ಬಾಂಗ್ಲಾದೇಶ 24ನೇದಂತೆ! ಇದನ್ನು ನಂಬಬೇಕಾ? ಒಟ್ಟಾರೆ ಜಗತ್ತು ಮುಂದೆ ಹೋಗುತ್ತಿದೆಯಾ, ಹಿಂದೆ ಬರುತ್ತಿದೆಯಾ?
– ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಉತ್ತರ: ನೀವು ಕಣ್ಣಾರೆ ಕಂಡದ್ದೂ ನಿಜ, ಪಟ್ಟಿಯಲ್ಲಿರುವುದೂ ನಿಜ.

ಅದು ವಿಶ್ವ ಆರ್ಥಿಕ ವೇದಿಕೆಯ ಪಟ್ಟಿ. 148 ದೇಶಗಳನ್ನು ಓದು, ಆರೋಗ್ಯ, ದುಡಿಮೆ, ರಾಜಕೀಯ ಅಂತ ನಾಲ್ಕು ವಿಷಯದಲ್ಲಿ ನೋಡುತ್ತಾರೆ. ಅಳೆಯುವುದು ಗಂಡಸರಿಗೂ ಹೆಂಗಸರಿಗೂ ಇರುವ ಅಂತರವನ್ನು ಮಾತ್ರ. ಗಂಡಸಿಗೆ ಹತ್ತು ರೂಪಾಯಿ, ಹೆಂಗಸಿಗೂ ಹತ್ತೇ ರೂಪಾಯಿ ಸಿಗುವ ಬಡ ದೇಶ, ನೂರಕ್ಕೆ ಐವತ್ತು ಸಿಗುವ ಶ್ರೀಮಂತ ದೇಶಕ್ಕಿಂತ ಮೇಲೆ ನಿಲ್ಲುತ್ತದೆ. ಕಳೆದ 50 ವರ್ಷದಲ್ಲಿ ಎಷ್ಟು ವರ್ಷ ಹೆಂಗಸು ದೇಶ ಆಳಿದಳು ಅನ್ನುವುದಕ್ಕೂ ಅಂಕವಿದೆ. ಬಾಂಗ್ಲಾದೇಶದಲ್ಲಿ ಖಾಲಿದಾ ಜಿಯಾ, ಶೇಖ್ ಹಸೀನಾ ಸೇರಿ ಸುಮಾರು 30 ವರ್ಷ ಆಳಿದರು. ಢಾಕಾದ ಗಾರ್ಮೆಂಟ್ಸ್ ಹುಡುಗಿಗೆ ಇದರಿಂದ ಸಂಬಳ ಎಷ್ಟು ಜಾಸ್ತಿ ಆಯಿತು ಅನ್ನುವುದು ಬೇರೆ ಮಾತು. ಹಾಗಾಗಿ 24 ನೋಡಿ ಹೊಟ್ಟೆ ಉರಿದುಕೊಳ್ಳಬೇಕಿಲ್ಲ.

ಆದರೆ ನಮ್ಮ 131ನ್ನು ಹಾಗೆ ತಳ್ಳಿಹಾಕುವಂತಿಲ್ಲ. ಓದಿನಲ್ಲಿ ನಮಗೆ ನೂರಕ್ಕೆ ಹೆಚ್ಚುಕಮ್ಮಿ 97 ಅಂಕ ಇದೆ. ಅದೇ ನಿಮ್ಮ ಮಗಳ ಕ್ಲಾಸು. ದುಡಿಮೆಗೆ ಬಂದರೆ ಸುಮಾರು 40. ಈ ಎರಡರ ನಡುವೆ ಹುಡುಗಿಯರು ಎಲ್ಲಿ ಹೋದರು? ಇನ್ನು ಏಳೆಂಟು ವರ್ಷ ಬಿಟ್ಟು ಅದೇ ಕ್ಲಾಸಿನವರ ವಾಟ್ಸಾಪ್ ಗ್ರೂಪಿನಲ್ಲಿ ಯಾರ್ಯಾರು ಕೆಲಸದಲ್ಲಿದ್ದಾರೆ ಅಂತ ಮಗಳನ್ನೇ ಕೇಳಿ ನೋಡಿ. ಮದುವೆ, ಮಗು, ಅತ್ತೆಗೆ ಹುಷಾರಿಲ್ಲ, ಗಂಡನಿಗೆ ವರ್ಗ. ಕೇಂದ್ರ ಸರ್ಕಾರವೇ 2019ರಲ್ಲಿ ಮಾಡಿದ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಮಾಡುವವರೇ ಕಮ್ಮಿ, ಮಾಡುವವರದ್ದು 97 ನಿಮಿಷ.

ಪಂಚಾಯಿತಿ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬಹುದು. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು 1993ರಲ್ಲಿ. ನಮ್ಮಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇ 25 ಮೀಸಲಾತಿ ಇತ್ತು, ಈಗ ಶೇ 50. ನಾನು ಹೋಗಿದ್ದ ಒಂದು ಗ್ರಾಮಸಭೆಯಲ್ಲಿ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲೇ ಅವರ ಯಜಮಾನರು ಕೂತಿದ್ದರು. ಜನ ಪ್ರಶ್ನೆ ಕೇಳುತ್ತಿದ್ದುದು ಯಜಮಾನರ ಮುಖ ನೋಡಿ. ಬೋರ್‌ವೆಲ್ ಮೋಟಾರಿನ ಮಾತು ಬಂದಾಗ ಅವರು ತಡವರಿಸಿದರು. ಆಗ ಆಯಮ್ಮ, ‘ಅದು ಸುಟ್ಟು ಹದಿನೆಂಟು ದಿನ ಆಯ್ತು, ಬಿಲ್ ನನ್ ಹತ್ರ ಐತೆ’ ಅಂದರು. ಅಲ್ಲಿಂದ ಮುಂದಿನ ಪ್ರಶ್ನೆಗಳೆಲ್ಲ ಆಯಮ್ಮನ ಕಡೆ ತಿರುಗಿದವು. ಮೀಸಲಾತಿ ಕೆಲಸ ಮಾಡುವುದು ಹೀಗೆ, ನಿಧಾನಕ್ಕೆ. ಮೀಸಲಾತಿ ಇಲ್ಲದ ವಿಧಾನಸಭೆಗೆ 2023ರಲ್ಲಿ ಗೆದ್ದು ಬಂದ ಹೆಂಗಸರು 224ರಲ್ಲಿ 10 ಜನ. ಲೋಕಸಭೆಯಲ್ಲಿ 2019ರಲ್ಲಿ 78 ಮಂದಿ ಇದ್ದದ್ದು 2024ರಲ್ಲಿ 74ಕ್ಕೆ ಇಳಿಯಿತು. ಅದೂ ಶೇ 33 ಮೀಸಲಾತಿಗೆ ಸಂಸತ್ತು ಒಪ್ಪಿದ ಮರುವರ್ಷವೇ! ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಆ ತಿದ್ದುಪಡಿಯಲ್ಲೇ ಬರೆದಿತ್ತು.

ಇನ್ನು ಜಗತ್ತಿನ ವಿಷಯ. 1995ರಲ್ಲಿ ಬೀಜಿಂಗ್ ಮಹಿಳಾ ಸಮ್ಮೇಳನ ನಡೆದಾಗ ಜಗತ್ತಿನ ಸಂಸತ್ತುಗಳಲ್ಲಿ ಹೆಂಗಸರು ಶೇ 11 ಇದ್ದರು, 2025ಕ್ಕೆ ಶೇ 27. ಏರಿದೆ, ಆದರೆ ಇದಕ್ಕೇ 30 ವರ್ಷ ಹಿಡಿಯಿತು. ಅಫ್ಗಾನಿಸ್ತಾನದಲ್ಲಿ ಇಳಿಯುವುದಕ್ಕೆ ಒಂದೂವರೆ ವರ್ಷವೂ ಬೇಕಾಗಲಿಲ್ಲ. 2021ರ ಆಗಸ್ಟಿನಲ್ಲಿ ತಾಲಿಬಾನ್ ಬಂತು. ಆರನೇ ಕ್ಲಾಸಿನ ನಂತರ ಹುಡುಗಿಯರಿಗೆ ಶಾಲೆ ಮುಚ್ಚಿತು, 2022ರ ಡಿಸೆಂಬರಿನಲ್ಲಿ ಯೂನಿವರ್ಸಿಟಿಯೂ ಮುಚ್ಚಿತು. ಅಮೆರಿಕದಲ್ಲಿ 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟೇ 2022ರಲ್ಲಿ ತೆಗೆಯಿತು. ಹೆಂಗಸರ ಮೇಲಿನ ಹಿಂಸೆ ತಡೆಯುವ ಒಪ್ಪಂದಕ್ಕೆ ಇಸ್ತಾಂಬುಲ್ ಅಂತ ತನ್ನದೇ ಊರಿನ ಹೆಸರಿದ್ದರೂ ಟರ್ಕಿ 2021ರಲ್ಲಿ ಅದರಿಂದ ಹೊರಗೆ ಬಂತು.

ಹಿಂದಕ್ಕೆ ಎಳೆದಾಗ ತಡೆದು ನಿಲ್ಲಿಸಿದ್ದೂ ಇದೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯನ್ನು 2015ರಲ್ಲಿ ನಿಷೇಧಿಸಿದ್ದರು. ಆ ನಿಷೇಧ ತೆಗೆಯಬೇಕು ಅಂತ ಮಸೂದೆ ಬಂತು. 2024ರ ಜುಲೈನಲ್ಲಿ ಸಂಸತ್ತು ಅದನ್ನು ಬೀಳಿಸಿತು.

ಮುಂದೋ ಹಿಂದೋ ಅಂತ ಒಂದೇ ಮಾತಿನಲ್ಲಿ ಕೇಳಿದರೆ, ಮುಂದೆ ಅನ್ನುತ್ತೇನೆ. ಆದರೆ ಕಾಬೂಲಿನಲ್ಲಿ ನಿಮ್ಮ ಮಗಳ ವಯಸ್ಸಿನವಳು ಕೇಳಿದರೆ ಆ ಉತ್ತರ ಬಾಯಿಗೆ ಬರುವುದಿಲ್ಲ.

ಪ್ರಶ್ನೆ: ಈ ಪಟ್ಟಿಯಲ್ಲಿ ಪ್ರತಿ ವರ್ಷ ಐಸ್‌ಲ್ಯಾಂಡೇ ಮೊದಲು. ಅಲ್ಲಿ ಅಂಥದ್ದೇನು ಮಾಡಿದರು? ನಾಲ್ಕು ಲಕ್ಷ ಜನ ಇರುವ ದೇಶ, ನಮಗೆ ಅದರ ಹೋಲಿಕೆ ಸರಿಯಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಚಿಕ್ಕ ದೇಶ ಹೌದು. ಆದರೆ ಚಿಕ್ಕದಾಗಿದ್ದರೆ ಸಾಕು ಅಂತಾಗಿದ್ದರೆ ಬೇರೆ ಚಿಕ್ಕ ದೇಶಗಳೂ ಮೇಲಿರಬೇಕಿತ್ತು, ಅಲ್ವಾ?

1975ರ ಅಕ್ಟೋಬರ್ 24ರಂದು ಅಲ್ಲಿನ ಶೇ 90ರಷ್ಟು ಹೆಂಗಸರು ಆಫೀಸಿನ ಕೆಲಸವನ್ನೂ ಮನೆಗೆಲಸವನ್ನೂ ಒಟ್ಟಿಗೆ ಬಿಟ್ಟರು. ಮೀನಿನ ಕಾರ್ಖಾನೆ, ಶಾಲೆ ಎಲ್ಲ ನಿಂತವು. ಗಂಡಸರು ಮಕ್ಕಳನ್ನು ಕರೆದುಕೊಂಡೇ ಕೆಲಸಕ್ಕೆ ಹೋದರು. ಸುಲಭವಾಗಿ ಬೇಯುವ ಸಾಸೇಜ್ ಅಂಗಡಿಗಳಲ್ಲಿ ಖಾಲಿಯಾಯಿತು. ಮರುವರ್ಷ ಸಮಾನತೆಯ ಕಾನೂನು ಬಂತು. 1980ರಲ್ಲಿ ವಿಗ್ಡಿಸ್ ಫಿನ್ಬೊಗಾಡೊಟ್ಟಿರ್ ಜನರ ಮತದಿಂದ ಅಧ್ಯಕ್ಷೆಯಾದರು. ಮೊದಲ ಸ್ಥಾನದಲ್ಲಿದ್ದರೂ 2023ರ ಅದೇ ತಾರೀಕಿಗೆ ಮತ್ತೆ ಮುಷ್ಕರ ಹೂಡಿದರು. ಆಗ ಪ್ರಧಾನಿಯೂ ಹೆಂಗಸೇ, ಅವರೂ ಅವತ್ತು ಕೆಲಸಕ್ಕೆ ಹೋಗಲಿಲ್ಲ.

ನನ್ನ ಮಟ್ಟಿಗೆ ಅಲ್ಲಿನ ದೊಡ್ಡ ಕೆಲಸ ಅಂದರೆ ಅಪ್ಪಂದಿರ ರಜೆ. 2000ದ ಕಾನೂನಿನಲ್ಲಿ ಅಪ್ಪನಿಗೇ ಅಂತ ಮೂರು ತಿಂಗಳು ಇಟ್ಟರು. ಅವನು ತೆಗೆದುಕೊಳ್ಳದಿದ್ದರೆ ಆ ರಜೆ ಹೋಯಿತು, ಹೆಂಡತಿಗೆ ಬಿಟ್ಟುಕೊಡುವ ಹಾಗಿಲ್ಲ. ಈಗ ಇಬ್ಬರಿಗೂ ಆರಾರು ತಿಂಗಳು. ಕೆಲಸಕ್ಕೆ ತೆಗೆದುಕೊಳ್ಳುವ ಮಾಲೀಕನಿಗೆ ಹುಡುಗಿಯ ಮೇಲೆ ಎಷ್ಟು ಅನುಮಾನವೋ ಹುಡುಗನ ಮೇಲೂ ಅಷ್ಟೇ.

ನಮ್ಮಲ್ಲಿ 2017ರಿಂದ ಅಮ್ಮನಿಗೆ 26 ವಾರ ಸಿಗುತ್ತದೆ. ಅಪ್ಪ ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ, ಖಾಸಗಿ ಕೆಲಸದಲ್ಲಿದ್ದರೆ ಕಂಪನಿ ಮನಸ್ಸು ಮಾಡಿದಷ್ಟು. ಬಾಣಂತನ ಹೇಗೂ ತವರುಮನೆಯಲ್ಲಿ. ಎಣ್ಣೆ ಹಚ್ಚಿ ನೀರು ಹಾಕುವುದು, ರಾತ್ರಿ ಎದ್ದು ಮಗು ಎತ್ತಿಕೊಳ್ಳುವುದು ಅಜ್ಜಿಯ ಪಾಲಿಗೆ. ಅಪ್ಪ ಶನಿವಾರ ಸಂಜೆ ಬಸ್ ಹತ್ತಿ ಬಂದು, ಮಗು ನೋಡಿ, ಭಾನುವಾರ ರಾತ್ರಿ ವಾಪಸ್ ಹೋಗುತ್ತಾನೆ.