ಮಗನ ಜೀನ್ ಟೆಸ್ಟ್ ಮಾಡಿಸಿ ಆಟ ಆರಿಸಬಹುದೇ?

ಬೇಡ. ಯಾವ ಲ್ಯಾಬ್ ಒಳ್ಳೆಯದು ಅಂತ ಕೇಳಿದ್ದೀರಿ, ಆ ಪ್ರಶ್ನೆಯೇ ಬೇಡ. ನಾನು ಮಾಡಿಸಿದ್ದೆ.

ಮಗಳಿಗೆ ಆಗ 13. ಲಾಂಗ್ ಜಂಪ್ ಅಂದರೆ ಜೀವ. ಬೆಳಿಗ್ಗೆ ಆರಕ್ಕೆ ಗ್ರೌಂಡಿನಲ್ಲಿರುತ್ತಿದ್ದೆವು. ಕಾಲೊತ್ತಿ ಹಾರುವ ಬೋರ್ಡಿನಿಂದ ಹಿಂದಕ್ಕೆ ಹೆಜ್ಜೆ ಎಣಿಸಿಕೊಂಡು ಹೋಗಿ, ಹದಿನಾರನೇ ಹೆಜ್ಜೆಗೆ ಸ್ಪೈಕ್ಸ್ ತುದಿಯಿಂದ ಮಣ್ಣಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಆಮೇಲೆ ಓಟ. ಎಂಟು ತಿಂಗಳಲ್ಲಿ 4.10 ಮೀಟರಿನಿಂದ 4.62ಕ್ಕೆ ಬಂದಿದ್ದಳು.

ಎಂಜಲು ಕಳಿಸಿ ತಿಂಗಳಾದ ಮೇಲೆ ರಿಪೋರ್ಟ್ ಬಂತು. ಎಸಿಟಿಎನ್3 ಅನ್ನೋ ಜೀನ್, ಅದರಲ್ಲಿ 'ಎಕ್ಸ್‌ಎಕ್ಸ್' ಅನ್ನೋ ಬಗೆ (ಗಂಡೋ ಹೆಣ್ಣೋ ಹೇಳುವ ಎಕ್ಸ್‌ಎಕ್ಸ್ ಅಲ್ಲ ಇದು). ರಭಸದ ಕೆಲಸ ಮಾಡುವ ಸ್ನಾಯುವಿನ ಎಳೆಗಳಲ್ಲಿ ಒಂದು ಪ್ರೋಟೀನ್ ಇರುತ್ತದೆ, ಎಕ್ಸ್‌ಎಕ್ಸ್ ಇದ್ದವರಲ್ಲಿ ಅದು ತಯಾರಾಗುವುದಿಲ್ಲ. ಕೆಳಗೆ ಹಸಿರು ಬಣ್ಣದಲ್ಲಿ 'ದೂರದ ಓಟಕ್ಕೆ ಸೂಕ್ತ' ಅಂತಿತ್ತು. ಮುಂದಿನ ಸೋಮವಾರವೇ ಅವಳನ್ನು 1500 ಮೀಟರಿಗೆ ಹಾಕಿಸಿದೆ.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳಬೇಕು. 2003ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಸಾಮಾನ್ಯ ಜನರಲ್ಲಿ 100ಕ್ಕೆ ಸುಮಾರು 18 ಮಂದಿ ಎಕ್ಸ್‌ಎಕ್ಸ್ ಇದ್ದರು. ದೊಡ್ಡ ಮಟ್ಟದ ಸ್ಪ್ರಿಂಟರ್‌ಗಳಂಥ ರಭಸದ ಆಟದವರಲ್ಲಿ 100ಕ್ಕೆ 6. ನಾನು 'ಕಡಿಮೆ' ಅನ್ನೋದನ್ನು 'ಆಗಲ್ಲ' ಅಂತ ಓದಿಕೊಂಡೆ. ಉಲ್ಟಾ ಕಡೆಯಿಂದ ಯೋಚಿಸಲೇ ಇಲ್ಲ. ಉಳಿದ 82 ಮಂದಿಗೆ ಆ ಪ್ರೋಟೀನ್ ಇದೆ, ಅವರೆಲ್ಲ ಸ್ಪ್ರಿಂಟರ್‌ಗಳಾ? ಓಟದ ವೇಗದಲ್ಲಿ ಮನುಷ್ಯರ ನಡುವೆ ಇರುವ ವ್ಯತ್ಯಾಸಕ್ಕೆ ಈ ಜೀನ್ ಕೊಡುವ ಪಾಲು 100ಕ್ಕೆ ಎರಡೋ ಮೂರೋ ಅಷ್ಟೇ. ಅದನ್ನು ನಂಬಿ, ಕೋಚ್ ಸರ್ ಕೈಯಲ್ಲಿದ್ದ ಎಂಟು ತಿಂಗಳ ಜಿಗಿತದ ಲೆಕ್ಕದ ಪುಸ್ತಕ ಬಿಟ್ಟೆ. ಅವಳ ಕಾಲಿನ ಬಗ್ಗೆ ನಿಜ ಹೇಳುತ್ತಿದ್ದದ್ದು ಆ ಪುಸ್ತಕ.

ಆಮೇಲೆ ಗೊತ್ತಾಯಿತು, ಎರಡು ಒಲಿಂಪಿಕ್ಸ್ ಆಡಿದ ಸ್ಪೇನಿನ ಒಬ್ಬ ಲಾಂಗ್ ಜಂಪರ್ ಕೂಡ ಎಕ್ಸ್‌ಎಕ್ಸ್. ಅವನ ಅತ್ಯುತ್ತಮ ಜಿಗಿತ 8.26 ಮೀಟರ್. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೀನ್ ಅನ್ನೋದು ಸುಳ್ಳು ಅನ್ನುತ್ತಿಲ್ಲ. ಫಿನ್ಲೆಂಡಿನ ಸ್ಕೀಯರ್ ಏರೋ ಮ್ಯಾಂಟಿರಾಂಟಾ 1964ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಒಂದು ಜೀನ್ ಬದಲಾವಣೆಯಿಂದ ಅವರ ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಕಣಗಳು ತುಂಬಾ ಜಾಸ್ತಿ. ಆದರೆ ಅದೇ ಬದಲಾವಣೆ ಅವರ ಎಷ್ಟೋ ಬಂಧುಗಳಲ್ಲೂ ಇತ್ತು. ಅವರೆಲ್ಲ ಚಿನ್ನ ತರಲಿಲ್ಲ ಅಲ್ವಾ? 2015ರಲ್ಲಿ ಈ ವಿಷಯದ ತಜ್ಞರು ಒಟ್ಟಾಗಿ, ಮಕ್ಕಳ ಪ್ರತಿಭೆ ಗುರುತಿಸಲು ಇಂಥ ಟೆಸ್ಟ್ ಬಳಸಬೇಡಿ ಅಂತಲೇ ಹೇಳಿದ್ದಾರೆ.

ಮಗಳು ಒಂದೂವರೆ ವರ್ಷ 1500 ಓಡಿದಳು. ಮೊಣಕಾಲಿನ ಕೆಳಗೆ ಮೂಳೆ ನೋವು ಶುರುವಾಯಿತು. ಒಂದು ಸಂಜೆ ಶೂ ಬಿಚ್ಚಿಟ್ಟು "ಸಾಕಪ್ಪಾ" ಅಂದಳು. ಮತ್ತೆ ಲಾಂಗ್ ಜಂಪ್ ಪಿಟ್ ಕಡೆ ಕರೆದೆ, ಬರಲಿಲ್ಲ.

ನಿಮ್ಮ ಮಗನಿಗೆ ಇನ್ನೂ 11. ಮೂರು ನಾಲ್ಕು ಆಟ ಆಡಲಿ. ಕರೆಯದಿದ್ದರೂ ಯಾವುದಕ್ಕೆ ಎದ್ದು ಹೊರಡುತ್ತಾನೆ ನೋಡಿ. ಟೆಸ್ಟ್ ಈಗಾಗಲೇ ಮಾಡಿಸಿದ್ದರೆ ರಿಪೋರ್ಟ್ ಅವನ ಕೈಗೆ ಕೊಡಬೇಡಿ. ನಾನು ಸೋಫಾದಲ್ಲಿ ಕೂರಿಸಿಕೊಂಡು, ಬೆರಳಿಟ್ಟು, ಒಂದೊಂದು ಸಾಲು ಓದಿಸಿದ್ದೆ. ಮಾರನೇ ದಿನ ಗ್ರೌಂಡಿನಲ್ಲಿ ಅವಳು ಹೆಜ್ಜೆ ಎಣಿಸಲಿಲ್ಲ, ಗೀಟೂ ಎಳೆಯಲಿಲ್ಲ. ಸುಮ್ನೆ ಓಡಿ ಬಂದು ಹಾರಿದಳು.