ಕನ್ನಡ ಮಾಧ್ಯಮದಲ್ಲಿ ಓದಿದವರು ಹಣ ಖರ್ಚಿಲ್ಲದೆ ಮನೆಯಲ್ಲೇ ಕಲಿಯಲು ನಂಬಬಹುದಾದ ಜಾಲತಾಣಗಳು ಯಾವುವು?

ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದೀರಿ. ಕೈಬಿಟ್ಟ ಗಣಿತವನ್ನು ಮತ್ತೆ ಹಿಡಿದು, ಪ್ರೋಗ್ರಾಮಿಂಗ್, ಅರ್ಥಶಾಸ್ತ್ರ ಮತ್ತು ಇತಿಹಾಸವನ್ನೂ ಕಲಿಯಬೇಕೆಂಬ ಆಸೆಯಿದೆ, ಆದರೆ ಇಂಗ್ಲಿಷ್ ಉಪನ್ಯಾಸಗಳು ಅರ್ಧದಷ್ಟೂ ತಲೆಗೆ ಹತ್ತುತ್ತಿಲ್ಲ ಎಂದು ಬರೆದಿದ್ದೀರಿ. ಆರನೆಯ ತರಗತಿಯ ಮಗಳಿಗೂ ಏನಾದರೂ ಸೂಚಿಸಿ ಎಂದು ಕೇಳಿದ್ದೀರಿ. ನಾನು ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ನಾನೂ ಕನ್ನಡ ಮಾಧ್ಯಮದಿಂದಲೇ ಬಂದವಳು. ಆದ್ದರಿಂದ ನಿಮ್ಮ ತೊಡಕು ಯಾವುದೆಂದು ನನಗೆ ಗೊತ್ತಿದೆ. ನಾನು ಬಳಸಿದ, ಇಲ್ಲವೇ ನನ್ನ ವಿದ್ಯಾರ್ಥಿಗಳು ಬಳಸಿದ್ದನ್ನು ಹತ್ತಿರದಿಂದ ನೋಡಿದ ತಾಣಗಳನ್ನಷ್ಟೇ ಹೇಳುತ್ತೇನೆ.

ತಾಣಗಳ ಹೆಸರಿಗಿಂತ ಮೊದಲು ಒಂದು ಅನುಭವವನ್ನು ಹೇಳಬೇಕು, ಏಕೆಂದರೆ ನಾನು ತಾಣಗಳನ್ನು ಆರಿಸುವ ರೀತಿಯೇ ಅದರಿಂದ ಬದಲಾಯಿತು. ಅಮೆರಿಕದ ಎಂಐಟಿ ಸಂಸ್ಥೆಯು ತನ್ನ ಪಾಠಗಳನ್ನು ಜಗತ್ತಿಗೆಲ್ಲ ಉಚಿತವಾಗಿ ಕೊಡುವುದಾಗಿ 2001ರಲ್ಲಿ ಪ್ರಕಟಿಸಿ, ಓಪನ್ ಕೋರ್ಸ್‌ವೇರ್ ಎಂಬ ತಾಣವನ್ನು ನಡೆಸುತ್ತಾ ಬಂದಿದೆ. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಉಪನ್ಯಾಸಗಳನ್ನು ನಾನು ಒಂದು ಬೇಸಿಗೆ ರಜೆಯಲ್ಲಿ ನೋಡತೊಡಗಿದೆ. ಅವರು ಕಪ್ಪುಹಲಗೆಯ ಮುಂದೆ ನಿಂತು ಆತುರವಿಲ್ಲದೆ ಯೋಚಿಸುತ್ತಾ ಹೋಗುವುದನ್ನು ನೋಡುವಾಗ ಎಲ್ಲವೂ ತಿಳಿದಂತೆಯೇ ಅನ್ನಿಸುತ್ತಿತ್ತು. ಹತ್ತು ಹನ್ನೆರಡು ಉಪನ್ಯಾಸಗಳಾದ ಮೇಲೆ ಅದೇ ಪುಟದಲ್ಲಿದ್ದ ಮೊದಲ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತೆಗೆದು ಕುಳಿತರೆ, ಒಂದು ಪ್ರಶ್ನೆಯನ್ನೂ ಪೂರ್ತಿಯಾಗಿ ಬಿಡಿಸಲಾಗಲಿಲ್ಲ. ಮತ್ತೆ ಮೊದಲಿನಿಂದ, ಒಂದು ಉಪನ್ಯಾಸ ನೋಡಿ ಅದರ ಲೆಕ್ಕಗಳನ್ನು ಮಾಡಿ, ಅಲ್ಲಿಯೇ ಕೊಟ್ಟಿರುವ ಉತ್ತರಗಳೊಂದಿಗೆ ಹೋಲಿಸಿ ತಿದ್ದಿಕೊಂಡು ಮುಂದುವರಿದೆ. ಅದಕ್ಕೆ ಏಳು ತಿಂಗಳು ಹಿಡಿಯಿತು, ಆದರೆ ಅದು ಈಗಲೂ ನನ್ನ ಬಳಿ ಇದೆ.

ಹಾಗಾಗಿ ಯಾವುದೇ ತಾಣದಲ್ಲಿ ನಾನು ಮೊದಲು ಹುಡುಕುವುದು ವೀಡಿಯೊಗಳನ್ನಲ್ಲ, ಅಭ್ಯಾಸದ ಪ್ರಶ್ನೆಗಳನ್ನು ಮತ್ತು ಅವುಗಳ ಉತ್ತರಗಳನ್ನು. ನನ್ನ ತಪ್ಪನ್ನು ನನಗೆ ತೋರಿಸುವ ಏರ್ಪಾಡು ಇಲ್ಲದಿದ್ದರೆ, ಉಪನ್ಯಾಸಕರು ಎಷ್ಟೇ ದೊಡ್ಡವರಾಗಿರಲಿ, ಅಲ್ಲಿ ಸಮಯ ಹಾಕುವುದಿಲ್ಲ. ಎರಡನೆಯದಾಗಿ ನೋಡುವುದು, ಉಚಿತವೆಂಬ ಮಾತಿನ ಅರ್ಥ ಅಲ್ಲಿ ಏನೆಂಬುದು. ತಾಣವೊಂದರಲ್ಲಿ ಉಚಿತವೆಂದು ಆರಂಭಿಸಿದ ಕೋರ್ಸಿನ ಮೂರನೆಯ ವಾರಕ್ಕೆ ಬರುವಷ್ಟರಲ್ಲಿ ಅಭ್ಯಾಸಗಳೆಲ್ಲ ಶುಲ್ಕದ ಬಾಗಿಲ ಹಿಂದೆ ಸೇರಿಹೋಗಿದ್ದವು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುವ ಸಾಮಗ್ರಿಗೆ ಈ ಭಯವಿಲ್ಲ: ಅದನ್ನು ಇಳಿಸಿಕೊಂಡು ಇಟ್ಟುಕೊಳ್ಳಬಹುದು, ಗೆಳೆಯರಿಗೆ ಕೊಡಬಹುದು, ಬಹುಪಾಲು ಪರವಾನಗಿಗಳಲ್ಲಿ ಕನ್ನಡಕ್ಕೆ ಅನುವಾದಿಸಲೂಬಹುದು. ಓಪನ್ ಕೋರ್ಸ್‌ವೇರ್ ಆ ಬಗೆಯದು. ನೆಟ್‌ವರ್ಕ್ ಸರಿಯಾಗಿರದ ಊರಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು.

ಈಗ ನಿಮ್ಮ ಮುಖ್ಯ ತೊಡಕಾದ ಭಾಷೆಯ ವಿಷಯ. ನಮಗೆ ತೊಂದರೆಯಾಗುವುದು ಇಂಗ್ಲಿಷ್ ವಾಕ್ಯಗಳಿಂದಲ್ಲ, ನಾವು ಚೆನ್ನಾಗಿ ಬಲ್ಲ ಸಂಗತಿಯೇ ಬೇರೆ ಹೆಸರು ತೊಟ್ಟು ಎದುರಿಗೆ ಬಂದಾಗ ಗುರುತು ಸಿಗದೇ ಹೋಗುವುದರಿಂದ. ಸಮಾಂತರ ಶ್ರೇಢಿಯನ್ನು ಅರೆದು ಕುಡಿದವರೂ ಅರಿಥ್ಮೆಟಿಕ್ ಪ್ರೊಗ್ರೆಷನ್ ಎಂದ ಕೂಡಲೇ ಬೆದರುತ್ತಾರೆ. ಇದಕ್ಕೆ ನಾನು ಕಂಡುಕೊಂಡ ಮದ್ದು ಬಹಳ ಸರಳವಾದದ್ದು. ನಮ್ಮ ರಾಜ್ಯದ ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ಅನುವಾದಗಳಾಗಿ ಬಂದಿವೆ. ಕನ್ನಡದ ಪ್ರತಿ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ, ಇಂಗ್ಲಿಷಿನದು ಎನ್‌ಸಿಇಆರ್‌ಟಿ ತಾಣದಲ್ಲಿ, ಎರಡೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದಿ, ಅಭ್ಯಾಸದ ಲೆಕ್ಕಗಳನ್ನು ಮಾಡಿ, ಬಳಿಕ ಅದೇ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಓದಿ. ಬಹುಪದೋಕ್ತಿ ಎಂದರೆ ಪಾಲಿನಾಮಿಯಲ್, ವರ್ಗಸಮೀಕರಣ ಎಂದರೆ ಕ್ವಾಡ್ರಾಟಿಕ್ ಈಕ್ವೇಷನ್ ಎಂದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಈ ಜೋಡಿಗಳನ್ನು ಬರೆಯುತ್ತಾ ಹೋಗಿ. ಮೊದಲ ವರ್ಷದ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಮಾಡಿಸುತ್ತೇನೆ. ನೂರೈವತ್ತು ಇನ್ನೂರು ಜೋಡಿಗಳಾದ ಮೇಲೆ ಇಂಗ್ಲಿಷ್ ಉಪನ್ಯಾಸದ ಬಗ್ಗೆ ಇದ್ದ ಅಂಜಿಕೆ ತಗ್ಗುವುದನ್ನು ಪ್ರತಿವರ್ಷ ನೋಡುತ್ತಿದ್ದೇನೆ. ಪದಗಳು ಸಿಗದಿದ್ದಾಗ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣದಲ್ಲಿರುವ ನಿಘಂಟುಗಳನ್ನು ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿವೆ. ಕೆಲವು ಹಳೆಯವಾದರೂ ಮೂಲ ಪರಿಕಲ್ಪನೆಗಳನ್ನು ಒಳ್ಳೆಯ ಕನ್ನಡದಲ್ಲಿ ವಿವರಿಸುತ್ತವೆ.

ಪುಸ್ತಕದ ಜೊತೆಗೆ ಖಾನ್ ಅಕಾಡೆಮಿಯನ್ನು ಇಟ್ಟುಕೊಳ್ಳಿ. ಅದು ಲಾಭರಹಿತ ಸಂಸ್ಥೆ, ಪಾಠಗಳಿಗೂ ಅಭ್ಯಾಸಗಳಿಗೂ ಶುಲ್ಕವಿಲ್ಲ, ಗಣಿತದ ಪಾಠಗಳಲ್ಲಿ ಒಂದಷ್ಟು ಕನ್ನಡದಲ್ಲಿಯೂ ಇವೆ. ಲೆಕ್ಕ ತಪ್ಪಿದರೆ ಅದನ್ನು ಬಿಡಿಸುವ ಕ್ರಮವನ್ನು ಹಂತಹಂತವಾಗಿ ತೋರಿಸುತ್ತದೆ. ಮೂವತ್ತು ದಾಟಿದವರು ಭಿನ್ನರಾಶಿಯಿಂದ ಆರಂಭಿಸಲು ಸಂಕೋಚಪಡುತ್ತಾರೆ. ದಯವಿಟ್ಟು ಸಂಕೋಚ ಬೇಡ. ನಾನು ಕಂಡಂತೆ ಬೀಜಗಣಿತದಲ್ಲಿ ಎಡವುವವರಲ್ಲಿ ಹೆಚ್ಚಿನವರು ನಿಜವಾಗಿ ಎಡವುತ್ತಿರುವುದು ಭಿನ್ನರಾಶಿಯಲ್ಲಿಯೇ.

ಪ್ರೋಗ್ರಾಮಿಂಗ್‌ಗೆ ನಿಮ್ಮ ಸ್ಥಿತಿಗೆ ಹೇಳಿ ಮಾಡಿಸಿದಂತಿರುವುದು ಐಐಟಿ ಬಾಂಬೆಯಲ್ಲಿ ಆರಂಭವಾದ ಸ್ಪೋಕನ್ ಟ್ಯುಟೋರಿಯಲ್. ಲಿನಕ್ಸ್, ಲಿಬ್ರೆ ಆಫೀಸ್, ಸಿ, ಪೈಥಾನ್ ಮುಂತಾದವುಗಳ ಬಗ್ಗೆ ಸುಮಾರು ಹತ್ತು ನಿಮಿಷದ ಪಾಠಗಳು ಅಲ್ಲಿವೆ. ಅವುಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯಿದೆ. ಪರದೆಯ ಮೇಲಿನ ಅಕ್ಷರಗಳು ಮಾತ್ರ ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ಇದು ಕೊರತೆಯಲ್ಲ, ಮುಂದೆ ಕೆಲಸ ಮಾಡುವಾಗ ಕಾಣುವುದೂ ಆ ಇಂಗ್ಲಿಷ್ ಪರದೆಯೇ ತಾನೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ತಂತ್ರಾಂಶವನ್ನು ತೆರೆದಿಟ್ಟುಕೊಂಡು, ಪ್ರತಿ ಹೆಜ್ಜೆಗೂ ಪಾಠವನ್ನು ನಿಲ್ಲಿಸಿ ತಾನೂ ಹಾಗೆಯೇ ಮಾಡುವುದು ಅವರು ಹೇಳುವ ಕ್ರಮ. ಅದನ್ನು ಬಿಟ್ಟು ಸುಮ್ಮನೆ ನೋಡುತ್ತಾ ಹೋಗಬೇಡಿ. ಅಲ್ಲಿ ಕೈ ಪಳಗಿದ ಮೇಲೆ ಫ್ರೀಕೋಡ್‌ಕ್ಯಾಂಪ್‌ಗೆ ಹೋಗಬಹುದು. ಬ್ರೌಸರಿನಲ್ಲಿಯೇ ಕೋಡ್ ಬರೆದರೆ ಸರಿಯೋ ತಪ್ಪೋ ಎಂದು ಅದು ಕೂಡಲೇ ತಿಳಿಸುತ್ತದೆ. ಹಾರ್ವರ್ಡ್‌ನಲ್ಲಿ ಡೇವಿಡ್ ಮಾಲನ್ ಕಲಿಸುವ ಸಿಎಸ್50 ಎಂಬ ಕೋರ್ಸು ಬಹಳ ಉತ್ಕೃಷ್ಟವಾದದ್ದು, ಆದರೆ ಅವರ ಮಾತಿನ ವೇಗಕ್ಕೂ ಲೆಕ್ಕಗಳ ಕಾಠಿನ್ಯಕ್ಕೂ ನೀವು ಒಂದು ವರ್ಷವಾದರೂ ಸಿದ್ಧರಾಗುವುದು ಮೇಲು.

ಅರ್ಥಶಾಸ್ತ್ರಕ್ಕೆ ಎನ್‌ಸಿಇಆರ್‌ಟಿಯ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಪುಸ್ತಕಗಳು ಸಾಕು. ಅವು ಮುಗಿದ ಮೇಲೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್‌ನಲ್ಲಿ ಕಾಲೇಜು ಮಟ್ಟದ ಪೂರ್ಣ ಪಠ್ಯಪುಸ್ತಕ ಸಿಗುತ್ತದೆ.

ಇತಿಹಾಸದ ಬಗ್ಗೆ ತುಸು ಹೆಚ್ಚು ಹೇಳಬೇಕೆನಿಸುತ್ತದೆ. ಯುರೋಪ್, ಅಮೆರಿಕಗಳ ಇತಿಹಾಸಕ್ಕೆ ಯೇಲ್ ವಿಶ್ವವಿದ್ಯಾಲಯದ ಓಪನ್ ಯೇಲ್ ಕೋರ್ಸಸ್ ಇದೆ; ಪ್ರತಿ ಉಪನ್ಯಾಸದ ಮಾತುಗಳೂ ಬರಹರೂಪದಲ್ಲಿರುವುದರಿಂದ, ಕಿವಿಗೆ ಸಿಗದದ್ದನ್ನು ಕಣ್ಣಿನಿಂದ ಹಿಡಿಯಬಹುದು. ಆದರೆ ನನಗೆ ಅದಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಇಂಟರ್ನೆಟ್ ಆರ್ಕೈವ್. 1996ರಲ್ಲಿ ಆರಂಭವಾದ ಈ ಗ್ರಂಥಭಂಡಾರದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಬಹಳಷ್ಟಿವೆ. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳೂ ಅಲ್ಲಿವೆ. ಅವುಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿರುವುದರಿಂದ, ನಿಮ್ಮದು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ತಾಲ್ಲೂಕಾಗಿದ್ದರೆ ನಿಮ್ಮ ಸುತ್ತಮುತ್ತಲಿನ ಶಾಸನಗಳನ್ನು ನೀವೇ ಹುಡುಕಿ ಓದಬಹುದು. ನಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತಿರುವ ಕಲ್ಲಿನ ಪಾಠವನ್ನು ನಾನು ಮೊದಲು ಓದಿದ್ದು ಅಲ್ಲಿಯೇ. ಅಲ್ಲಿಯವರೆಗೆ ಅದನ್ನು ದನ ಮೈ ಉಜ್ಜುವ ಕಲ್ಲೆಂದೇ ತಿಳಿದಿದ್ದೆ.

ಮಗಳ ವಿಷಯ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಿಂದ ತೆರೆದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಸಿಗುತ್ತದೆ. ಅದರ ಗುಣಮಟ್ಟ ಪಾಠದಿಂದ ಪಾಠಕ್ಕೆ ಬದಲಾಗುತ್ತದೆ. ಆ ವಯಸ್ಸಿನ ಮಕ್ಕಳಿಗೆ ನಾನು ಹೆಚ್ಚು ಶಿಫಾರಸು ಮಾಡುವುದು ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಾಣವನ್ನು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಬ್ಯಾಟರಿ, ತಂತಿ, ಬಲ್ಬುಗಳನ್ನು ಪರದೆಯ ಮೇಲೆ ಜೋಡಿಸಿ ವಿದ್ಯುತ್ ಮಂಡಲ ಕಟ್ಟಿ ನೋಡಬಹುದು. ಅರವಿಂದ ಗುಪ್ತಾ ಅವರ ತಾಣದಲ್ಲಿ ಕಸದಿಂದ ಮಾಡುವ ವಿಜ್ಞಾನದ ಆಟಿಕೆಗಳಿವೆ. ಕನ್ನಡದ ಕಥೆಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ನೋಡಿ.

ಕೊನೆಯದಾಗಿ ಪ್ರಮಾಣಪತ್ರ. ಕಲಿಯಲು ಅದು ಬೇಡ, ಆದರೆ ನೌಕರಿಯಲ್ಲಿರುವವರಿಗೆ ಅದರ ಅಗತ್ಯ ಬೀಳಬಹುದೆಂದು ನನಗೆ ಗೊತ್ತು. ಅದಕ್ಕೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಒಳ್ಳೆಯ ದಾರಿ. ಅದರ ಕೋರ್ಸುಗಳಿಗೆ ಈಗ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ತಾಣದಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ, ಪಾಠ, ವಾರದ ಅಸೈನ್‌ಮೆಂಟು ಎಲ್ಲವೂ ಉಚಿತ. ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಂತಿಮ ಅಂಕದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹಲವು ಕೋರ್ಸುಗಳ ಉಪನ್ಯಾಸಗಳ ಬರಹರೂಪವನ್ನು ಕನ್ನಡಕ್ಕೂ ಅನುವಾದಿಸಿದ್ದಾರೆ, ಅದನ್ನು ಇಳಿಸಿಕೊಂಡು ಮುದ್ರಿಸಿಟ್ಟುಕೊಂಡರೆ ಉಪನ್ಯಾಸ ಕೇಳುವಾಗ ಒಳ್ಳೆಯ ಆಸರೆಯಾಗುತ್ತದೆ. ಕೋರ್ಸುಗಳು ಜನವರಿ ಮತ್ತು ಜುಲೈನಲ್ಲಿ ಆರಂಭವಾಗುತ್ತವೆ. ನೀವು ತಕ್ಷಣದ ಸುತ್ತಿಗೆ ಸೇರಬೇಡಿ. ಆ ಆರು ತಿಂಗಳನ್ನು ಹತ್ತನೆಯ ತರಗತಿಯ ಗಣಿತದ ಎರಡು ಪುಸ್ತಕಗಳಿಗೆ ಮತ್ತು ಪದಜೋಡಿಗಳ ನೋಟ್‌ಬುಕ್ಕಿಗೆ ಕೊಟ್ಟು, ಅದರ ಮುಂದಿನ ಸುತ್ತಿನಲ್ಲಿ ನಾಲ್ಕು ಅಥವಾ ಎಂಟು ವಾರದ ಒಂದೇ ಒಂದು ಕೋರ್ಸಿಗೆ ಹೆಸರು ಕೊಡಿ.