ಎಂಬಿಎ ಪ್ರಾಜೆಕ್ಟಿಗೆ ರಿಸರ್ಚ್ ಮೆಥಡಾಲಜಿ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪಠ್ಯಪುಸ್ತಕದ ಮೊದಲ ಪುಟದಿಂದಂತೂ ಬೇಡ, ನಿದ್ದೆ ಬರುತ್ತದೆ. ಮೊದಲು ಒಂದು ಪ್ರಶ್ನೆ ಹಿಡಿಯಿರಿ. "ಗ್ರಾಹಕರ ತೃಪ್ತಿಯ ಅಧ್ಯಯನ" ಅಂತ ಎಲ್ಲರೂ ಬರೆಯುತ್ತಾರೆ, ಅದು ಪ್ರಶ್ನೆಯೇ ಅಲ್ಲ. "ಕಿರಾಣಿ ಅಂಗಡಿಯಲ್ಲಿ ಯುಪಿಐ ಬಳಸುವವರು ನಗದು ಕೊಡುವವರಿಗಿಂತ ಒಂದು ಸಲಕ್ಕೆ ಜಾಸ್ತಿ ಖರ್ಚು ಮಾಡುತ್ತಾರಾ?" ಇದು ಪ್ರಶ್ನೆ. ಏನನ್ನು ಅಳೆಯಬೇಕು, ಯಾರನ್ನು ಕೇಳಬೇಕು, ಯಾವ ಟೆಸ್ಟ್ ಹಾಕಬೇಕು (ಇಲ್ಲಿ ಎರಡು ಗುಂಪು, ಹಾಗಾಗಿ ಎರಡರ ಸರಾಸರಿ ಹೋಲಿಸುವ ಟಿ-ಟೆಸ್ಟ್) ಎಲ್ಲವೂ ಅದರಿಂದಲೇ ಹೊರಡುತ್ತದೆ.

ಜಾಸ್ತಿ ಜನ ಎಡವುವುದು ಸ್ಯಾಂಪಲ್‌ನಲ್ಲಿ, ಅಂದರೆ ಯಾರನ್ನು, ಎಷ್ಟು ಜನರನ್ನು ಕೇಳಬೇಕು ಅನ್ನುವುದರಲ್ಲಿ. 384 ಅನ್ನುವ ಸಂಖ್ಯೆ ತುಂಬಾ ರಿಪೋರ್ಟುಗಳಲ್ಲಿ ಕಾಣುತ್ತದೆ ಅಲ್ವಾ? ಅದು ದೊಡ್ಡ ಜನಸಂಖ್ಯೆಗೆ 95% ಕಾನ್ಫಿಡೆನ್ಸ್ ಲೆವೆಲ್ (ನೂರು ಸಲ ಸರ್ವೆ ಮಾಡಿದರೆ ಸುಮಾರು 95 ಸಲ ಫಲಿತಾಂಶ ನಿಜಕ್ಕೆ ಅಷ್ಟು ಹತ್ತಿರ ಬರುತ್ತದೆ ಅಂತ), 5% ಹೆಚ್ಚುಕಮ್ಮಿ ಇಟ್ಟುಕೊಂಡು ಬರುವ ಲೆಕ್ಕ, ಅದೂ ಚೀಟಿ ಎತ್ತಿದ ಹಾಗೆ ರ‍್ಯಾಂಡಮ್ ಆಗಿ ಆರಿಸಿದ್ದರೆ ಮಾತ್ರ. ಸುಮ್ನೆ ವಾಟ್ಸಾಪ್ ಗ್ರೂಪುಗಳಿಗೆ ಗೂಗಲ್ ಫಾರ್ಮ್ ಕಳಿಸಿ 384 ಉತ್ತರ ಗುಡ್ಡೆ ಹಾಕಿದರೆ ಸಿಗುವುದು ನಿಮ್ಮ ಗೆಳೆಯರ ಅಭಿಪ್ರಾಯ ಅಷ್ಟೇ. ನಾನೂ ಇದನ್ನೇ ಮಾಡಿ ವೈವಾದಲ್ಲಿ ಸಿಕ್ಕಿಬಿದ್ದವನು!

ಪ್ರಶ್ನಾವಳಿಯನ್ನು ಮೊದಲು 20-30 ಜನರಿಗೆ ಕೊಟ್ಟು ನೋಡಿ. ಆ ಉತ್ತರಗಳಿಂದ ಲೆಕ್ಕ ಹಾಕುವ ಕ್ರಾನ್‌ಬ್ಯಾಕ್ ಆಲ್ಫಾ ಅನ್ನುವ ಸಂಖ್ಯೆ 0.7 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೆ ಅದು ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಅಂತಷ್ಟೇ ಹೇಳುತ್ತದೆ, ಅಳೆಯಬೇಕಾದದ್ದನ್ನೇ ಅಳೆಯುತ್ತಿವೆ ಅಂತಲ್ಲ.

ಅಂಕಿಅಂಶ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಇಲ್ಲದಿದ್ದರೆ ಚಿಂತೆ ಬೇಡ, ಅಂಥದ್ದೇ ಜಮೋವಿ ಉಚಿತ. ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ನಿಮ್ಮ ವಿಷಯದ ಎರಡು ಪಿಎಚ್‌ಡಿ ಪ್ರಬಂಧ ತೆಗೆದು ಮೆಥಡಾಲಜಿ ಅಧ್ಯಾಯ ಮಾತ್ರ ಓದಿ.